ಹಾಜರಿ ಪುಸ್ತಕದ ಖಾಲಿ ಮನೆಗಳು

ಮಾನ್ವಿಯಲ್ಲಿ ಟೀಚರಾಗಿ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಎಂಟು ಮಕ್ಕಳನ್ನು ನಲ್ಲಿಯ ಮುಂದೆ ಸಾಲಾಗಿ ನಿಲ್ಲಿಸಿ ಹಲ್ಲು ತಿಕ್ಕಿಸಿದ್ದು. 2005ರ ಜೂನ್, ನಾಲ್ಕನೇ ತರಗತಿ. ಬೆಳಗಿನ ಪ್ರಾರ್ಥನೆಯಾದ ಮೇಲೆ ಉಗುರು, ತಲೆ, ಹಲ್ಲು ನೋಡುವ ಪದ್ಧತಿಯನ್ನು ನಾನು ಓದಿದ ಕಾನ್ವೆಂಟಿನಿಂದಲೇ ಹೊತ್ತುಕೊಂಡು ಬಂದಿದ್ದೆ. ಉಗುರು ಪರವಾಗಿರಲಿಲ್ಲ. ತಲೆಗೆ ಎಣ್ಣೆ ಇಲ್ಲದಿದ್ದರೂ ಬಾಚಿದ ಗುರುತಿತ್ತು. ಹಲ್ಲು ಮಾತ್ರ ಎಂಟು ಜನರದು ಅರಿಸಿನ ಹಚ್ಚಿದ ಹಾಗೆ, ನಡುನಡುವೆ ಕಂದು ಗೆರೆ.

‘ಹಲ್ಲು ಉಜ್ಜುವುದಿಲ್ಲವಾ ನೀವು?’ ಎಂದು ಗದರಿದೆ.

‘ಉಜ್ಜೀನ್ರಿ ಟೀಚರ್ರಿ. ದಿನಾ ಉಜ್ಜತೀನ್ರಿ’ ಎಂದ ಒಬ್ಬ. ಸಣಕಲು ಹುಡುಗ, ಮೂಗಿನ ಮೇಲೆ ಹಳೆಯ ಗಾಯದ ಕಲೆ. ಸುಳ್ಳು ಹೇಳುತ್ತಾನೆ ಎಂದುಕೊಂಡೆ. ಮರುದಿನ ನನ್ನದೇ ದುಡ್ಡಿನಲ್ಲಿ ಎಂಟು ಪೊಟ್ಟಣ ಹಲ್ಲುಪುಡಿ ತಂದು ಹಂಚಿದೆ. ಒಳಗೊಳಗೆ ನನ್ನ ಬಗ್ಗೆ ನನಗೇ ಹೆಮ್ಮೆ. ಆ ಹುಡುಗ ನನ್ನೆದುರೇ ತಿಕ್ಕಿದ, ತಿಕ್ಕಿದ, ಒಸಡಿನಿಂದ ರಕ್ತ ಬಂತು. ಹಲ್ಲಿನ ಬಣ್ಣ ಹೋಗಲಿಲ್ಲ.

ಶಾಲೆ ಗುಡಿಸುವ ಆಯಾ ಕಸಬರಿಗೆ ಹಿಡಿದು ನೋಡುತ್ತಾ ನಿಂತಿದ್ದರು. ‘ಎಷ್ಟು ತಿಕ್ಕಿಸಿದ್ರೂ ಹೋಗಂಗಿಲ್ರಿ ಅಕ್ಕೋರ. ಅದು ನಮ್ಮ ಬೋರಿನ ನೀರಿನ ಬಣ್ಣ’ ಎಂದು ತಮ್ಮ ಬಾಯಿ ತೆರೆದು ತೋರಿಸಿದರು. ಅದೇ ಅರಿಸಿನ, ಅದೇ ಕಂದು ಗೆರೆ.

ರಾಯಚೂರು ಜಿಲ್ಲೆಯ ಎಷ್ಟೋ ಊರುಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಎಂಬುದು ನಿಯಮ. ಹಲ್ಲು ಮೂಡುವ ವಯಸ್ಸಿನಲ್ಲಿ ಅದೇ ನೀರು ಕುಡಿದ ಮಕ್ಕಳ ಹಲ್ಲಿಗೆ ಕಲೆ ಒಳಗಿನಿಂದಲೇ ಕೂತಿರುತ್ತದೆ, ಪುಡಿಗೆ ಬಗ್ಗುವುದಲ್ಲ. ವಿಜ್ಞಾನ ಪಾಠದಲ್ಲಿ ಇದನ್ನು ನಾನೇ ಕಲಿಸಬೇಕಾಗಿತ್ತು. ನಾನು ಕಲಿಸಿದ್ದು ‘ಹಲ್ಲು ಉಜ್ಜುವ ಅಭ್ಯಾಸ’. ಮಕ್ಕಳ ಕ್ಷಮೆ ಕೇಳಿದೆನೇ? ಇಲ್ಲ. ಇಪ್ಪತ್ತಾರರ ವಯಸ್ಸಿನ ಟೀಚರುಗಳು ಮಕ್ಕಳ ಕ್ಷಮೆ ಕೇಳುವುದಿಲ್ಲ. ಹಲ್ಲು ನೋಡುವುದನ್ನು ಸುಮ್ಮನೆ ನಿಲ್ಲಿಸಿಬಿಟ್ಟೆ.

ನಾನು ಬಂಟ್ವಾಳದ ಕಡೆಯವಳು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಜಡಿಮಳೆಯಲ್ಲಿ ಬಸ್ಸು ಹತ್ತಿದವಳು ಬೆಳಿಗ್ಗೆ ರಾಯಚೂರಿನಲ್ಲಿ ಇಳಿದಾಗ ಕೈಯಲ್ಲಿದ್ದ ಕೊಡೆ ನೋಡಿ ಜನ ನಕ್ಕರು. ನನ್ನ ಕನ್ನಡ ಕೇಳಿ ಮಕ್ಕಳು ಇನ್ನೂ ಹೆಚ್ಚು ನಕ್ಕರು. ‘ಎಂತ ಆಯ್ತು?’ ಎಂದರೆ ಸಾಕು, ಹಿಂದಿನ ಸಾಲಿನಿಂದ ‘ಎಂತ ಟೀಚರ್, ಎಂತ ಟೀಚರ್’ ಎಂದು ಪಿಸುಪಿಸು. ನನಗೆ ಅವರ ಭಾಷೆ ಅಷ್ಟೇ ಒಗಟು. ಸಾಲಿ ಎಂದರೆ ಶಾಲೆ, ಅಷ್ಟು ತಿಳಿಯುತ್ತಿತ್ತು. ‘ಅವ್ವ ಗುಳೆ ಹೋಗ್ಯಾಳ್ರಿ’ ಎಂದ ಹುಡುಗಿಗೆ, ಗುಳೆ ಯಾವ ಊರು, ದೂರವಾ ಎಂದು ಕೇಳಿದ್ದೇನೆ. ಇಡೀ ತರಗತಿ ಗೊಳ್ಳೆಂದಿತು. ಅವಳೊಬ್ಬಳು ನಗಲಿಲ್ಲ.

ಕ್ರೈಸ್ತರು ಆ ಸೀಮೆಗೆ ಹೊಸಬರಲ್ಲ. ಅದೇ ಜಿಲ್ಲೆಯ ಮುದಗಲ್ಲಿನಲ್ಲಿ 1557ರ ಹೊತ್ತಿಗಾಗಲೇ ಇಗರ್ಜಿ ಇತ್ತೆಂದು ಗ್ಯಾಸೆಟಿಯರ್ ಹೇಳುತ್ತದೆ. ನಮ್ಮ ಕರಾವಳಿಯ ಎಷ್ಟೋ ಇಗರ್ಜಿಗಳಿಗಿಂತ ಅದು ಹಿರಿದು. ರಾಯಚೂರು ನಗರದಲ್ಲಿ ಮೆಥೋಡಿಸ್ಟರ ಸಭೆಯಿದೆ. ಕಥೋಲಿಕರಿಗೆ ಈ ಜಿಲ್ಲೆ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಮಾನ್ವಿಯಲ್ಲಿ ಯೇಸುಸಭೆಯ ಪಾದ್ರಿಗಳು ಲೊಯೋಲಾ ಶಾಲೆ ತೆರೆದದ್ದು ಮುಖ್ಯವಾಗಿ ದಲಿತ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು. ನಾನಿದ್ದದ್ದು ಅಲ್ಲಲ್ಲ, ಸಿಸ್ಟರುಗಳು ನಡೆಸುತ್ತಿದ್ದ ಇನ್ನೊಂದು ಸಣ್ಣ ಶಾಲೆಯಲ್ಲಿ. ಅದರ ಹೆಸರು ಇಲ್ಲಿ ಬೇಡ, ಮಕ್ಕಳ ಹೆಸರೂ ಬೇಡ. ನಮ್ಮ ಮಕ್ಕಳಲ್ಲಿ ಮಾದಿಗರು ಹೆಚ್ಚು, ಮಿಕ್ಕವರು ನಾಯಕರು, ಕುರುಬರು, ಲಂಬಾಣಿಗರು, ಒಂದಷ್ಟು ಮುಸಲ್ಮಾನರು. ಕ್ರೈಸ್ತರು ಕೈಬೆರಳಿನಲ್ಲಿ ಎಣಿಸುವಷ್ಟು. ಹೊರಗೆ ನಮ್ಮ ಮೇಲೆ ಮತಾಂತರದ ಅನುಮಾನ ಇದ್ದೇ ಇತ್ತು. ಒಳಗೆ ನಮಗೆ ಮೂವತ್ತೈದು ಅಂಕ ಬರಿಸುವುದೇ ದೊಡ್ಡ ಪವಾಡವಾಗಿತ್ತು.

ಮಗನನ್ನು ಸೇರಿಸಲು ಬಂದ ಒಬ್ಬ ಅಪ್ಪ, ಅರ್ಜಿಗೆ ಹೆಬ್ಬೆಟ್ಟು ಒತ್ತುವ ಮೊದಲು ಕೇಳಿದ್ದ: ‘ಹುಡುಗನ್ನ ನಿಮ್ಮ ದೇವ್ರಿಗೆ ಬಿಡಬೇಕಾಗತದೇನ್ರಿ?’ ಇಲ್ಲಪ್ಪಾ, ಹಾಗೇನೂ ಇಲ್ಲ ಎಂದು ಸಿಸ್ಟರ್ ನಕ್ಕರು, ನಾನೂ ನಕ್ಕೆ. ಆತ ನಗಲಿಲ್ಲ. ‘ಬಿಡುವುದು’ ಎಂಬ ಮಾತಿಗೆ ಅವನ ಮನೆಯಲ್ಲಿ ಎಷ್ಟು ಭಾರ ಇತ್ತೆಂಬುದು ಎರಡು ವರ್ಷ ಕಳೆದ ಮೇಲೆ ತಿಳಿಯಿತು.

ಮೊದಲು ಹಾಜರಿ ಪುಸ್ತಕದ ವಿಷಯ. ಅದರ ಅಡ್ಡಗೆರೆ ಉದ್ದಗೆರೆಗಳ ನಡುವಿನ ಚೌಕಕ್ಕೆ ಮನೆ ಎನ್ನುತ್ತೇವೆ. ಜೂನ್, ಜುಲೈಯಲ್ಲಿ ನನ್ನ ಪುಸ್ತಕದ ಮನೆಗಳೆಲ್ಲ ತುಂಬಿರುತ್ತಿದ್ದವು. ದಸರೆ ರಜೆ ಮುಗಿಯುವುದೇ ತಡ, ಒಂದೊಂದಾಗಿ ಖಾಲಿ. ಗೈರು ಗುರುತು ಹಾಕಿ, ಕಾರಣ ಎಂಬಲ್ಲಿ ‘ತಿಳಿದಿಲ್ಲ’ ಎಂದು ಬರೆಯುತ್ತಿದ್ದೆ. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಒಂದು ಸಂಜೆ ಆ ಪುಟ ನೋಡಿ, ‘ತಿಳಿದಿಲ್ಲ ಎಂದು ಎಷ್ಟು ದಿನ ಬರೆಯುತ್ತೀರಿ? ಹೋಗಿ ತಿಳಿದುಕೊಂಡು ಬನ್ನಿ’ ಎಂದರು. ಬೈಗುಳವಲ್ಲ, ಆಜ್ಞೆಯೂ ಅಲ್ಲ. ಅವರು ಮಾತನಾಡುತ್ತಿದ್ದದ್ದೇ ಹಾಗೆ.

ಕೇರಿಗೆ ಮೊದಲ ಸಲ ಹೋದದ್ದು ಹಾಗೆ, ನಾನು ಮತ್ತು ನಮ್ಮ ಊರಿನವರೇ ಆದ ಇನ್ನೊಬ್ಬ ಟೀಚರ್. ಊರು ಮುಗಿದ ಮೇಲೆ ಒಂದು ಹಳ್ಳ, ಜಾಲಿಗಿಡ, ಆಮೇಲೆ ಕೇರಿ. ಮಣ್ಣಿನ ಮಾಳಿಗೆಯ ಮನೆಗಳು, ಕೆಲವಕ್ಕೆ ತಗಡು. ಸಂಜೆಯಾದರೂ ಕಲ್ಲು ಕಾದೇ ಇತ್ತು. ಒಬ್ಬ ತಾಯಿ ನಮಗಾಗಿ ಕೌದಿ ಹಾಸಿದಳು. ಆಮೇಲೆ ಬಾಗಿಲಲ್ಲೇ ನಿಂತು, ಒಳಗೆ ಹೋಗಲೋ ಬೇಡವೋ ಎಂಬಂತೆ, ‘ನಮ್ಮನ್ಯಾಗ ಚಾ ಕುಡೀತೀರೇನ್ರಿ?’ ಎಂದಳು.

ನಾನು ‘ಕುಡಿಯುತ್ತೇನೆ’ ಎಂದೆ. ನನ್ನ ಸಂಗಡ ಬಂದವರು ‘ನನಗೆ ಹೊಟ್ಟೆ ಸರಿಯಿಲ್ಲ’ ಎಂದರು. ಆ ತಾಯಿ ಒಂದೇ ಲೋಟ ತಂದಳು. ಎರಡನೆಯದನ್ನು ಬಲವಂತ ಮಾಡಲಿಲ್ಲ. ಇಂಥ ಹೊಟ್ಟೆನೋವುಗಳ ಪರಿಚಯ ಅವಳಿಗೆ ನಮಗಿಂತ ಚೆನ್ನಾಗಿತ್ತು.

ದಾರಿಯಲ್ಲಿ ನನಗೆ ಸಿಟ್ಟು. ಆದರೆ ಸಿಟ್ಟು ಮಾಡಲು ನನಗೇನು ಹಕ್ಕು? ನಮ್ಮ ಕರಾವಳಿಯ ಕಥೋಲಿಕರ ಮನೆಗಳಲ್ಲಿ ಮದುವೆ ಪ್ರಸ್ತಾಪ ಬಂದಾಗ ಬಾಮಣ್ ಯಾರು, ಚಾರೋಡಿ ಯಾರು, ಶೂದ್ರ ಯಾರು ಎಂದು ಇಂದಿಗೂ ಮೆಲ್ಲಗೆ ವಿಚಾರಿಸುತ್ತಾರೆ. ಒಂದೇ ಪೀಠದ ಮುಂದೆ ಮೊಣಕಾಲೂರಿ, ಒಂದೇ ಪ್ರಸಾದ ತಿಂದು, ಹೊರಗೆ ಬಂದು ಇದನ್ನು ಕೇಳುತ್ತಾರೆ. ನನ್ನ ಅಜ್ಜಿ ಗದ್ದೆ ಕೆಲಸದವರಿಗೆ ತೆಂಗಿನ ಚಿಪ್ಪಿನಲ್ಲಿ ಚಹಾ ಕೊಡುತ್ತಿದ್ದದ್ದು ನಾನು ಕಣ್ಣಾರೆ ಕಂಡದ್ದು. ಆ ಚಿಪ್ಪು ಆ ದಿನದವರೆಗೆ ನನಗೆ ನೆನಪೇ ಆಗಿರಲಿಲ್ಲ ಎಂಬುದೇ ಸೋಜಿಗ.

ಆ ಸಂಜೆ ಹುಡುಕಿಕೊಂಡು ಹೋದ ಹುಡುಗಿ ಮನೆಯಲ್ಲಿರಲಿಲ್ಲ. ಹತ್ತಿ ಬಿಡಿಸಲು ಹೋಗಿದ್ದಳು. ಕತ್ತಲಾದ ಮೇಲೆ ಟಂಟಂ ಬಂತು. ಆರು ಜನ ಕೂರುವ ಗಾಡಿಯಿಂದ ಇಳಿದವರನ್ನು ಎಣಿಸುತ್ತಾ ಹದಿನೇಳಕ್ಕೆ ನಿಲ್ಲಿಸಿದೆ. ಇವಳು ಇಳಿದು ನನ್ನನ್ನು ನೋಡಿ ಅವ್ವನ ಸೆರಗಿನ ಹಿಂದೆ ಸರಿದಳು. ಕೈ ಹಿಡಿದು ನೋಡಿದೆ. ಒಣಗಿದ ಹತ್ತಿಕಾಯಿಯ ಸಿಪ್ಪೆ ಸೂಜಿಯ ಹಾಗೆ. ಉಗುರಿನ ಬುಡವೆಲ್ಲ ಗೀರುಗೀರು. ದೇವದುರ್ಗ, ಮಾನ್ವಿ, ರಾಯಚೂರು ತಾಲ್ಲೂಕುಗಳ ಎರೆಹೊಲದಲ್ಲಿ ದಸರೆಯಿಂದ ಸಂಕ್ರಾಂತಿ ದಾಟುವವರೆಗೆ ಈ ಕೆಲಸ. ಹತ್ತಿ ಮುಗಿಯುತ್ತಿದ್ದಂತೆ ಮೆಣಸಿನಕಾಯಿ. ಕೂಲಿ ಕಿಲೋ ಲೆಕ್ಕದಲ್ಲಿ, ಹಾಗಾಗಿ ಎಷ್ಟು ಕೈ ಇದ್ದರೆ ಅಷ್ಟು ಒಳ್ಳೆಯದು. ‘ಮಗಳನ್ನು ಯಾಕೆ ಕಳಿಸುತ್ತೀರಿ?’ ಎಂದು ನಾನು ತಯಾರಿ ಮಾಡಿಕೊಂಡು ಬಂದ ಪ್ರಶ್ನೆ ಗಂಟಲಲ್ಲೇ ಉಳಿಯಿತು. ಆ ತಾಯಿಯೇ ಹೇಳಿದಳು, ‘ಸಾಲಿ ಬಿಡಸಾಂಗಿಲ್ರಿ ಅಕ್ಕೋರ. ಕಾಯಿ ಒಡೆದಾವ, ಮಳಿ ಬಂದ್ರ ಹೋತು. ಎಳ್ಡು ವಾರ ತಡೀರಿ.’ ನಾನು ಹಾಜರಿ ಪುಸ್ತಕದ ಕಾರಣದ ಮನೆಯಲ್ಲಿ ‘ಹತ್ತಿ’ ಎಂದು ಬರೆದೆ. ಎರಡೇ ಅಕ್ಷರ. ತಪಾಸಣೆಗೆ ಬಂದವರೊಬ್ಬರು ಅದನ್ನು ನೋಡಿ, ಹೀಗೆಲ್ಲ ಬರೆಯಬಾರದು, ‘ಅನಾರೋಗ್ಯ’ ಎಂದು ಹಾಕಿ ಎಂದು ಸಲಹೆ ಕೊಟ್ಟರು. ಬಾಲಕಾರ್ಮಿಕ ನಿಷೇಧ ಕಾಯ್ದೆ ಬಂದು ಆಗಲೇ ಹತ್ತೊಂಬತ್ತು ವರ್ಷ.

ನೀರೇ ಇಲ್ಲದ ನಾಡೇನೂ ಅಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ; ನಡುವಿನ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ ಹೊಡೆದಾಡಿದ್ದು ಪಠ್ಯಪುಸ್ತಕದಲ್ಲಿದೆ. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಹಸಿರು ಕಣ್ಣು ಕುಕ್ಕುತ್ತದೆ, ಕೊನೆಭಾಗದ ತೂಬಿಗೆ ಹೋದರೆ ಒಣ ಸಿಮೆಂಟು. ಅದಕ್ಕೂ ಆಚೆ, ಹೊಲವೇ ಇಲ್ಲದವರಿಗೆ ಯಾವ ಕಾಲುವೆ ಹರಿದರೇನು? ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿದಾಗ ದೇವದುರ್ಗ ಅದರಲ್ಲಿತ್ತು.

ದೇವದುರ್ಗಕ್ಕೆ ನನ್ನನ್ನು ಎರಡು ಚಳಿಗಾಲ ಸಂಜೆಶಾಲೆ ನಡೆಸಲು ಕಳಿಸಿದ್ದರು. ಗುಳೆ ಎಂಬ ಊರು ಎಲ್ಲಿದೆ ಎಂದು ಅಲ್ಲಿ ಕಂಡೆ. ಕೂಲಿ ಹುಡುಕಿಕೊಂಡು ಹೊರಟು, ರಾತ್ರಿ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುತ್ತಾ ಕೂತ ಸಂಸಾರಗಳೇ ಆ ಊರು. ಜೋಳದ ಹಿಟ್ಟಿನ ಚೀಲ, ಹಂಚು, ಪ್ಲಾಸ್ಟಿಕ್ ಕೊಡ, ಕೌದಿಯ ಗಂಟು, ಒಂದು ಬುಟ್ಟಿಯಲ್ಲಿ ಕಾಲು ಕಟ್ಟಿದ ಕೋಳಿ. ಅದರ ನಡುವೆ ಯೂನಿಫಾರ್ಮ್ ಅಂಗಿ ತೊಟ್ಟ ಮಕ್ಕಳು, ಇದ್ದ ಅಂಗಿಗಳಲ್ಲಿ ಗಟ್ಟಿಯದು ಅದೊಂದೇ ಆದ್ದರಿಂದ. ನನ್ನ ಸಂಜೆಶಾಲೆಯ ಹುಡುಗನೊಬ್ಬ ದೂರದಿಂದಲೇ ಕೈ ಬೀಸಿದ. ಮರುದಿನ ಕೇರಿಗೆ ಹೋದರೆ ಸಾಲು ಮನೆಗಳಿಗೆ ಬೀಗ, ಕಟ್ಟೆಯ ಮೇಲೆ ಮುದುಕರು, ಒಂದೆರಡು ನಾಯಿ. ಹಾಜರಿ ಪುಸ್ತಕದಲ್ಲೂ ಮನೆ ಖಾಲಿ, ಕೇರಿಯಲ್ಲೂ ಮನೆ ಖಾಲಿ.

ನನ್ನ ಟೀಚರ್‌ಗಿರಿಯಲ್ಲಿ ನಾನು ಅತ್ಯಂತ ನಾಚಿದ್ದು ಇಂಥ ಒಬ್ಬ ಗುಳೆ ಹುಡುಗನ ಮುಂದೆ. ಮಾನ್ವಿಯಲ್ಲಿ, ಆರನೇ ತರಗತಿ. ಜೂನ್‌ನಲ್ಲಿ ಎಲ್ಲ ಟೀಚರುಗಳ ಹಾಗೆ ನಾನೂ ‘ಬೇಸಿಗೆ ರಜೆಯಲ್ಲಿ ನಾನು ಕಂಡದ್ದು’ ಎಂಬ ಪ್ರಬಂಧ ಬರೆಸಿದ್ದೆ. ಅವನು ಬರೆದದ್ದರ ಸಾರ ಇಷ್ಟು: ಬೆಂಗಳೂರಿನಲ್ಲಿ ನಮ್ಮ ಮನೆ ಎರಡನೇ ಅಂತಸ್ತಿನಲ್ಲಿ ಇತ್ತು. ಆಮೇಲೆ ಮೂರನೇ ಅಂತಸ್ತಿಗೆ ಹೋದೆವು. ಆಮೇಲೆ ನಾಲ್ಕನೇದು. ಮನೆಗೆ ಗೋಡೆ ಇರಲಿಲ್ಲ, ಗಾಳಿ ಚೆನ್ನಾಗಿ ಬರುತ್ತಿತ್ತು. ರಾತ್ರಿ ವಿಮಾನ ಕಾಣುತ್ತಿತ್ತು. ಗೋಡೆ ಬಂದ ಮೇಲೆ ನಮ್ಮನ್ನು ಬಿಡಿಸಿದರು.

ನಾನು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಗೋಡೆ ಇಲ್ಲದ ಮನೆ ಇರುವುದಿಲ್ಲ. ಕಂಡದ್ದನ್ನು ಬರೆ, ಕಲ್ಪಿಸಿಕೊಂಡು ಬರೆಯಬೇಡ. ಹತ್ತಕ್ಕೆ ಮೂರು. ತರಗತಿಯಲ್ಲಿ ಓದಿ ಹೇಳಿ, ನೋಡಿ, ಹೀಗೆ ಬರೆಯಬಾರದು ಎಂದದ್ದೂ ಉಂಟು. ಹುಡುಗ ಎದ್ದು ನಿಂತಿದ್ದ, ಏನೂ ಹೇಳಲಿಲ್ಲ. ಹೇಳಿದವಳು ಪಕ್ಕದ ಸಾಲಿನ ಹುಡುಗಿ. ‘ಟೀಚರ್ರಿ, ಅದು ಖರೇನೇ ಐತ್ರಿ. ನಾವೂ ಹಂಗ ಇದ್ವಿ. ಬಿಲ್ಡಿಂಗ್ ಕಟ್ಟಾಕ ಹೋದಾಗ ಮ್ಯಾಲ ಕಟ್ಟಿದಂಗ ನಾವೂ ಮ್ಯಾಲ ಹೊಕ್ಕೀವ್ರಿ.’

ಸ್ಲ್ಯಾಬ್ ಹಾಕಿ, ಆಸರೆ ಕಂಬ ಬಿಚ್ಚಿದ ಮೇಲೆ ಆ ಅಂತಸ್ತು ಕೆಲಸದವರ ಬಿಡಾರ. ಗೋಡೆ ಎಬ್ಬಿಸಲು ಬಂದಾಗ ಗಂಟು ಎತ್ತಿಕೊಂಡು ಮೇಲಿನದಕ್ಕೆ. ಕಟ್ಟಡ ಮುಗಿದರೆ ಊರಿಗೆ. ತಳಪಾಯದಿಂದ ಶುರುವಾಗಿ ತಾರಸಿಯಲ್ಲಿ ಮುಗಿಯುವ ಒಂದು ಬಾಳ್ವೆಯನ್ನು ಆ ಹುಡುಗ ಒಂಬತ್ತು ಸಾಲಿನಲ್ಲಿ, ಒಂದೂ ಕಾಗುಣಿತದ ತಪ್ಪಿಲ್ಲದೆ ಬರೆದಿದ್ದ. ನನಗೆ ಗೊತ್ತಿದ್ದ ಬೆಂಗಳೂರು ಸಂಬಂಧಿಕರ ಫ್ಲ್ಯಾಟಿನದು. ಗೋಡೆ ಬಂದ ಮೇಲಿನದು. ಸಿಸ್ಟರ್ ಹತ್ತಿರ ಹೋಗಿ ಅತ್ತೆ. ಅವರು, ‘ಇಲ್ಲಿ ಅತ್ತರೆ ಏನು ಬಂತು? ಅಂಕ ತಿದ್ದಿ, ತರಗತಿಯಲ್ಲೇ ಹೇಳಿ’ ಎಂದರು. ಹಲ್ಲಿನ ವಿಷಯದಲ್ಲಿ ಮಾಡದ್ದನ್ನು ಈ ಸಲ ಮಾಡಿದೆ. ಹುಡುಗ ಒಂಬತ್ತು ಅಂಕದ ಪುಸ್ತಕ ಹಿಡಿದು ನೋಡಿದ, ಮಡಚಿದ. ಸಂತೋಷಪಟ್ಟನೋ ಇಲ್ಲವೋ ಗೊತ್ತಾಗಲಿಲ್ಲ. ಆ ಡಿಸೆಂಬರಿನಲ್ಲಿ ಅವನ ಮನೆ ಮತ್ತೆ ಖಾಲಿಯಾಯಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು, ಹೊರಗುಳಿದ ಮಕ್ಕಳನ್ನು ಹುಡುಕಿ ತರಬೇಕೆಂಬ ಸುತ್ತೋಲೆಗಳು ಬಂದಾಗಲೆಲ್ಲ ಅವನ ನೆನಪಾಗುತ್ತದೆ. ಹುಡುಕಲು ಎಷ್ಟನೇ ಅಂತಸ್ತಿಗೆ ಹೋಗುವುದು?

ಇನ್ನು ಆ ‘ಬಿಡುವ’ ಮಾತು. 2007ರಲ್ಲಿ ಏಳನೇ ತರಗತಿಯ ದಾಖಲೆ ತುಂಬಿಸುತ್ತಿದ್ದೆ. ಸರದಿಯಂತೆ ಎದ್ದು ನಿಂತು ಅಪ್ಪನ ಹೆಸರು ಹೇಳಬೇಕು. ಒಬ್ಬ ಹುಡುಗಿ ಎದ್ದಳು, ಸುಮ್ಮನಿದ್ದಳು. ಎರಡು ಸಲ ಕೇಳಿದೆ. ಮೂರನೆಯ ಸಲ ಗಟ್ಟಿಯಾಗಿ ಕೇಳಿದಾಗ ‘ದ್ಯಾವ್ರು’ ಎಂದಳು. ತಲೆಹರಟೆ ಎಂದು ನನಗೆ ರೇಗಿತು. ದಿನಾ ಬೆಳಿಗ್ಗೆ ದೇವರನ್ನೇ ತಂದೆ ಎಂದು ಕರೆದು ಪ್ರಾರ್ಥಿಸುವವಳು ನಾನು; ಆ ಹುಡುಗಿ ಅದನ್ನೇ ಹೇಳಿದಾಗ ಹೊರಗೆ ನಿಲ್ಲಿಸಿದೆ.

ಮತ್ತೆ ಆಯಾ ಅವರೇ ಬಂದು ಕಿವಿಯಲ್ಲಿ ಹೇಳಬೇಕಾಯಿತು: ‘ಅವರವ್ವಗ ಮುತ್ತು ಕಟ್ಯಾರ್ರಿ. ದೇವ್ರಿಗೆ ಬಿಟ್ಟಾಕಿ.’ ದೇವದಾಸಿ ಸಮರ್ಪಣೆ ನಿಷೇಧದ ಕಾನೂನು ರಾಜ್ಯದಲ್ಲಿ 1982ರಲ್ಲೇ ಬಂದಿತ್ತು. ಕಾನೂನು ಬಂದ ಮೇಲೂ ಗುಟ್ಟಾಗಿ ನಡೆದದ್ದು ಅಲ್ಲಿ ಯಾರಿಗೂ ಗುಟ್ಟಲ್ಲ. ಬಿಟ್ಟವರು ಹೆಚ್ಚಿನವರು ಮಾದಿಗರು, ಹೊಲೆಯರು; ಬಳಸಿಕೊಂಡವರು ಬೇರೆಯವರು. ಆ ಬೇರೆಯವರ ಹೆಸರು ಮಾತ್ರ ಯಾವ ದಾಖಲೆಯ ಮನೆಯಲ್ಲೂ ಇರುವುದಿಲ್ಲ. ‘ನಿಮ್ಮ ದೇವ್ರಿಗೆ ಬಿಡಬೇಕೇನ್ರಿ’ ಎಂದು ಕೇಳಿದ ಅಪ್ಪ ಈ ಹುಡುಗಿಯ ಸೋದರಮಾವ. ಅಕ್ಕನನ್ನು ಬಿಟ್ಟದ್ದನ್ನು ಕಣ್ಣಾರೆ ನೋಡಿ ಬೆಳೆದವನು. ಅವನ ಪ್ರಶ್ನೆಗೆ ಉತ್ತರ ಕೊಡುವ ಬದಲು ನಾವಿಬ್ಬರು ನಕ್ಕಿದ್ದೆವು.

ಆಕೆಯನ್ನು ಒಮ್ಮೆ ಕಂಡೆ, ಆ ತಾಯಿಯನ್ನು. ಕ್ಷಮೆ ಕೇಳಲು ಹೋಗಿದ್ದೆ. ಆಕೆ ಅದಕ್ಕೆ ಸಮಯವನ್ನೇ ಕೊಡಲಿಲ್ಲ. ಪುಂಡಿಪಲ್ಯ, ಸಜ್ಜಿ ರೊಟ್ಟಿ ಮುಂದಿಟ್ಟು, ‘ಅಪ್ಪನ ಹೆಸರಿನಾಗ ನನ್ನ ಹೆಸರು ಬರೀರಿ. ಹೊಟ್ಟಿಗೆ ಹಾಕಿದಾಕಿ ನಾನ ಅಲ್ಲೇನ್ರಿ?’ ಎಂದಳು. ನಾನು ಹಾಗೇ ಬರೆದೆ. ಕಚೇರಿಯಿಂದ ಎರಡು ಸಲ ವಾಪಸ್ ಬಂತು. ಸಿಸ್ಟರ್ ಮೂರನೆಯ ಸಲವೂ ಹಾಗೇ ಕಳಿಸಿದರು. ಆಮೇಲೆ ಬರಲಿಲ್ಲ, ಒಪ್ಪಿದರೋ ಕಳೆದುಹೋಯಿತೋ.

2012ರಲ್ಲಿ ಅಮ್ಮ ಹಾಸಿಗೆ ಹಿಡಿದಳೆಂದು ನಾನು ಊರಿಗೆ ಮರಳಿದೆ. ಕರಾವಳಿಯ ಶಾಲೆಯಲ್ಲಿ ಹಾಜರಿ ಪುಸ್ತಕದ ಮನೆಗಳು ಮಾರ್ಚ್‌ವರೆಗೂ ತುಂಬಿರುತ್ತಿದ್ದವು. ನನಗೇ ಏನೋ ತಪ್ಪಿದಂತೆ ಅನಿಸುತ್ತಿತ್ತು.

2019ರಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ರಾಯಚೂರಿಗೆ ಹೋದೆ. ತೀನ್ ಕಂದೀಲಿನ ಹತ್ತಿರ ಅಂಗಡಿ ನೋಡುತ್ತಾ ನಿಂತಿದ್ದಾಗ ಒಂದು ಟಂಟಂ ಬಂದು ಪಕ್ಕದಲ್ಲೇ ನಿಂತಿತು. ‘ಎಂತ ಟೀಚರ್!’ ಎಂದಿತು ಒಳಗಿನ ದನಿ. ಮೂಗಿನ ಮೇಲಿನ ಕಲೆ ನೋಡಿ ಗುರುತು ಸಿಕ್ಕಿತು. ಬೇಡವೆಂದರೂ ಕೇಳದೆ ಮಿರ್ಚಿ, ಒಗ್ಗರಣೆ, ಚಹಾ ಎಲ್ಲ ತರಿಸಿದ. ಗಾಡಿ ಸ್ವಂತದ್ದಂತೆ, ಕಂತು ಇನ್ನೂ ಇದೆಯಂತೆ, ಒಬ್ಬಳು ಮಗಳಂತೆ.

‘ಸೀಜನ್ನಿನಾಗ ಏನು ಬಾಡಿಗೆ?’ ಎಂದು ಕೇಳಿದೆ.

‘ಹತ್ತಿ ಬಿಡಿಸೋರನ್ನ ಒಯ್ತೀನ್ರಿ, ದೇವದುರ್ಗದ ಕಡೀಗೆ.’

‘ಮಕ್ಕಳನ್ನೂ?’

ಅವನು ಲೋಟ ತಿರುಗಿಸಿದ. ‘ಅವ್ವನ ಕೂಡ ಹತ್ತಿದ್ರ ಇಳಸಾಕ ಬರ್ತದೇನ್ರಿ?’ ಎಂದ. ಇಬ್ಬರೂ ಸ್ವಲ್ಪ ಹೊತ್ತು ಮಿರ್ಚಿ ತಿಂದೆವು.

ಆಮೇಲೆ ಅವನೇ ಮಾತು ಬದಲಿಸಿದ. ‘ಟೀಚರ್ರಿ, ನೀವು ಹಲ್ಲುಪುಡಿ ಕೊಟ್ಟಿದ್ರಿ, ನೆನಪೈತೇನು? ನಮ್ಮವ್ವ ಅದನ್ನ ಖರ್ಚೇ ಮಾಡ್ಲಿಲ್ರಿ. ಟೀಚರ್ ಕೊಟ್ಟಿದ್ದು ಅಂತ ಮಾಡದಾಗ ಇಟ್ಟಿದ್ಲು. ಇಲಿ ತಿಂತು.’ ಹೇಳಿ ಜೋರಾಗಿ ನಕ್ಕ, ನಗುವಾಗ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡ. ನಗು ನಿಂತ ಮೇಲೆ ಕೈ ತೆಗೆದ. ಚಹಾದ ದುಡ್ಡು ಕೊಡಲು ನನಗೆ ಬಿಡಲಿಲ್ಲ.